ನಿಂತ ಗೂಡ್ಸ್ ರೈಲಿನ ಬ್ರೇಕ್: ಗಾಳಿ ಹೋದರೆ ಹಿಡಿಯುತ್ತದೋ, ಬಿಡುತ್ತದೋ?

ಪ್ರಶ್ನೆ: ಕಾರವಾರ ಸ್ಟೇಷನ್ನಿನಲ್ಲಿ ಎಂಜಿನ್ ಬಿಚ್ಚಿ ನಿಲ್ಲಿಸಿದ ಗೂಡ್ಸ್ ರೈಲಿನಲ್ಲಿ ಸಿಬ್ಬಂದಿ ವ್ಯಾಗನ್ ಕೆಳಗಿನ ಸರಳೊಂದನ್ನು ಎಳೆಯುತ್ತಾರೆ, ‘ಬುಸ್’ ಎಂದು ಗಾಳಿ ಹೋಗಿ ಬ್ರೇಕ್ ಬಿಡುತ್ತದೆ. ಗಾಳಿ ಹೋದರೆ ಬ್ರೇಕ್ ಹಿಡಿಯಬೇಕಲ್ಲವೇ? ಮತ್ತೆ ಹೊರಡುವಾಗ ಏನೇನು ನೋಡುತ್ತಾರೆ?
— ಓದುಗರು, ಶಿರವಾಡ

ಉತ್ತರ: ಹಿಡಿಸುವ ಗಾಳಿ ಬೇರೆ, ಬಿಡಿಸುವ ಗಾಳಿ ಬೇರೆ. ರೈಲಿನುದ್ದಕ್ಕೂ ಇರುವ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡವಿದ್ದರೆ ಬ್ರೇಕ್ ಬಿಟ್ಟಿರುತ್ತದೆ. ಅದು ಇಳಿದರೆ ಪ್ರತಿ ವ್ಯಾಗನ್ನಿನ ಡಿಸ್ಟ್ರಿಬ್ಯೂಟರ್ ವಾಲ್ವ್ ತನ್ನದೇ ಟ್ಯಾಂಕಿನ ಗಾಳಿಯನ್ನು, ಬ್ರೇಕ್ ಬ್ಲಾಕನ್ನು ಗಾಲಿಗೆ ಒತ್ತುವ ಬ್ರೇಕ್ ಸಿಲಿಂಡರಿಗೆ ಬಿಡುತ್ತದೆ. ಪೂರ್ತಿ ಹಿಡಿದಾಗ ಅಲ್ಲಿ ಸುಮಾರು 3.8 ಕೆ.ಜಿ. ಇರುತ್ತದೆ. ಸರಳು ಎಳೆದರೆ ವಾಲ್ವ್ ಈ ಸಿಲಿಂಡರಿನ ಗಾಳಿಯನ್ನೇ ಹೊರಹಾಕುತ್ತದೆ. ನೀವು ಕೇಳಿದ ‘ಬುಸ್’ ಅದು.

ಆದ್ದರಿಂದ ಸರಳಿಗೆ ಕೈ ಹಾಕುವ ಮೊದಲು ಹ್ಯಾಂಡ್ ಬ್ರೇಕ್ ಬಿಗಿಯಾಗಿರಬೇಕು, ಚಕ್ರಕ್ಕೆ ಮರದ ಆಪು ಕೊಟ್ಟಿರಬೇಕು. ರೋಲರ್ ಬೇರಿಂಗ್ ವ್ಯಾಗನ್ನುಗಳು ಕಣ್ಣಿಗೆ ಸಮತಟ್ಟಾಗಿ ಕಾಣುವ ಇಳಿಜಾರಿನಲ್ಲೂ ಉರುಳುತ್ತವೆ. ಗಾಳಿಯ ಬ್ರೇಕನ್ನು ನಂಬಿ ರೈಲು ನಿಲ್ಲಿಸಿಡುವಂತಿಲ್ಲ; ಸಿಲಿಂಡರ್ ನಿಧಾನವಾಗಿ ಸೋರುತ್ತದೆ, ಕೆಲವು ಗಂಟೆಗಳಲ್ಲಿ ಹಿಡಿತವೇ ಇರದು. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗೆ ಹ್ಯಾಂಡ್ ಬ್ರೇಕಿನ ಸ್ಕ್ರೂ ತುಕ್ಕು ಹಿಡಿದು ಅರ್ಧಕ್ಕೇ ಬಿಗಿಯಾಗುವುದುಂಟು. ಹ್ಯಾಂಡ್ ಬ್ರೇಕಿನ ಕೈಚಕ್ರ ಇನ್ನು ತಿರುಗದಿದ್ದರೆ ಸಾಲದು, ಬಗ್ಗಿ ನೋಡಿ ಬ್ರೇಕ್ ಬ್ಲಾಕ್ ಗಾಲಿಗೆ ಕಚ್ಚಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಎಂಜಿನ್ ಬಿಚ್ಚುವಾಗ ಆಗುವ ತಪ್ಪು ಇನ್ನೂ ಅಪಾಯಕಾರಿ. ಬ್ರೇಕ್ ಪೈಪಿನ ಗಾಳಿ ಪೂರ್ತಿ ಹೋಗುವ ಮೊದಲೇ ವ್ಯಾಗನ್ ಕಡೆಯ ಆ್ಯಂಗಲ್ ಕಾಕ್ (ಪೈಪಿನ ತುದಿಯ ಕವಾಟ) ಮುಚ್ಚಿದರೆ ಒಳಗೆ ಗಾಳಿ ಸಿಕ್ಕಿಬೀಳುತ್ತದೆ. ಹಿಂದಿನ ಹೆಚ್ಚು ಒತ್ತಡ ಮುಂದಕ್ಕೆ ಹರಿದು, ಮುಂದಿನ ವ್ಯಾಗನ್ನುಗಳ ಬ್ರೇಕ್ ತಾನಾಗಿ ಬಿಡಬಹುದು. ಒತ್ತಡ ಸೊನ್ನೆಗೆ ಇಳಿದ ಮೇಲೇ ಪೈಪುಗಳನ್ನು ಜೋಡಿಸುವ ರಬ್ಬರ್ ಹೋಸ್ ಬಿಚ್ಚಬೇಕು. ಒತ್ತಡವಿರುವ ಹೋಸ್ ಬಿಚ್ಚಿಕೊಂಡರೆ ಅದರ ತುದಿಯ ಕಬ್ಬಿಣದ ಕಪ್ಲಿಂಗ್ ಕೈಯನ್ನೋ ಮುಖವನ್ನೋ ಬಡಿಯುತ್ತದೆ.

ಹೊರಡುವ ಮುನ್ನದ ಪರೀಕ್ಷೆ: ಎಂಜಿನ್ ಜೋಡಿಸಿ ಪೈಪಿಗೆ 5 ಕೆ.ಜಿ. ತುಂಬಿ, ಬಾಲದ ಬ್ರೇಕ್ ವ್ಯಾನಿನ ಗೇಜ್ ನೋಡುತ್ತಾರೆ. ಆದರೆ ಮುಳ್ಳು ತೋರಿಸಿದ್ದಷ್ಟಕ್ಕೆ ನಂಬುವಂತಿಲ್ಲ. ನಡುವೆ ಒಂದು ಕಾಕ್ ಮುಚ್ಚಿದ್ದರೂ ಹಿಂದೆ ಉಳಿದ ಹಳೇ ಗಾಳಿ ಗೇಜಿನಲ್ಲಿ ಚೆನ್ನಾಗಿಯೇ ಕಾಣುತ್ತದೆ! ಹಾಗಾಗಿ ಗಾರ್ಡ್ ಹಿಂದಿನಿಂದ ಗಾಳಿ ಬಿಡಬೇಕು, ಅದರ ಇಳಿತ ಎಂಜಿನ್ನಿನ ಗೇಜಿನಲ್ಲಿ ಕಾಣಬೇಕು. ಸೋರಿಕೆ ನಿಮಿಷಕ್ಕೆ 0.25 ಕೆ.ಜಿ. ಮೀರಬಾರದು. ಬ್ರೇಕ್ ಹಾಕಿದಾಗ ಪಿಸ್ಟನ್ ಹೊರಬಂತೇ, ಬಿಟ್ಟಾಗ ಒಳಹೋಯಿತೇ ಎಂದು ವ್ಯಾಗನ್ ವ್ಯಾಗನ್ನಾಗಿ ನಡೆದು ನೋಡಬೇಕು; ಬಿಡಲು ಒಂದು ನಿಮಿಷದವರೆಗೆ ಹಿಡಿಯುವುದು ಸಹಜ. ಒಂದೆರಡು ವ್ಯಾಗನ್ ಬಿಡದಿದ್ದರೆ ಮೊದಲು ಮರೆತ ಹ್ಯಾಂಡ್ ಬ್ರೇಕ್ ಹುಡುಕಿ. ಎಂಜಿನ್ ಬದಲಾದ ಮೇಲೆ ಹಲವು ವ್ಯಾಗನ್ ಬಿಡದಿದ್ದರೆ, ಮೊದಲಿದ್ದ ಎಂಜಿನ್ ತುಸು ಹೆಚ್ಚು ಒತ್ತಡ ತುಂಬಿರುವ ಸಾಧ್ಯತೆಯೇ ಹೆಚ್ಚು; ಹೊಸ ಎಂಜಿನ್ನಿನ ಒತ್ತಡ ವಾಲ್ವಿಗೆ ಇಳಿತದಂತೆಯೇ ತೋರುತ್ತದೆ. ಆಗ ಅವುಗಳ ಸರಳು ಎಳೆದು ಬಿಡಿಸಿ, ಹೊಸ ಒತ್ತಡಕ್ಕೆ ಹೊಂದಿಸಿ, ಮತ್ತೆ ಬ್ರೇಕ್ ಹಾಕಿ ನೋಡುತ್ತಾರೆ.