ಹಿರ್ಶ್‌ಸ್ಪ್ರಂಗ್ ಕಾಯಿಲೆಗೆ ಆಪರೇಷನ್ ಆದ ಮಗುವನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು?

ನಿಮ್ಮ ಮಗನಿಗೆ 5 ತಿಂಗಳು, ಹಿರ್ಶ್‌ಸ್ಪ್ರಂಗ್ ಕಾಯಿಲೆಗೆ ಆಪರೇಷನ್ ಆಗಿ 3 ವಾರ ಆಯ್ತು ಅಂತ ಬರೆದಿದ್ದೀರಿ. ಮನೆಗೆ ಬಂದ ಮೇಲೆ ಏನೇನು ಗಮನಿಸಬೇಕು, ಬಸುರಿಯಲ್ಲಿ ನಾನೇ ಏನಾದರೂ ತಪ್ಪು ಮಾಡಿದೆನಾ ಅಂತಲೂ ಕೇಳಿದ್ದೀರಿ. ನನ್ನ ಮಗಳಿಗೂ ಇದೇ ಕಾಯಿಲೆ. ಈಗ ಅವಳಿಗೆ 6 ವರ್ಷ.

ಮೊದಲು ಆ ಎರಡನೇ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನೀವೇನೂ ತಪ್ಪು ಮಾಡಿಲ್ಲ. ಕರುಳನ್ನು ಹಿಂಡಿ ಮುಂದಕ್ಕೆ ತಳ್ಳಿಸುವ ನರಕೋಶಗಳು ಮಗು ಹೊಟ್ಟೆಯಲ್ಲಿರುವಾಗ ಮೇಲಿಂದ ಕೆಳಕ್ಕೆ ಸಾಗಿ ಬರುತ್ತವೆ. ಸುಮಾರು 12ನೇ ವಾರದೊಳಗೆ ಆ ಪ್ರಯಾಣ ಮುಗಿಯಬೇಕು. ನಮ್ಮ ಮಕ್ಕಳಲ್ಲಿ ಅವು ಕೊನೆ ಮುಟ್ಟದೆ ನಿಂತುಬಿಟ್ಟವು, ಅಷ್ಟೇ. ಅಲ್ಲಿಂದ ಕೆಳಗಿನ ಭಾಗ ಸಡಿಲವಾಗುವುದೇ ಇಲ್ಲ, ಮಲ ಮೇಲೆಯೇ ತುಂಬಿಕೊಳ್ಳುತ್ತದೆ. ಸುಮಾರು 5,000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಕೆಲವು ಮನೆತನಗಳಲ್ಲಿ ವಂಶದಿಂದಲೂ ಬರುವುದುಂಟು. ಹಾಗಾಗಿ ಮುಂದಿನ ಮಗುವಿನ ಯೋಚನೆ ಇದ್ದರೆ ಡಾಕ್ಟರನ್ನು ಒಮ್ಮೆ ಕೇಳಿ. ನೀವು ತಿಂದದ್ದು, ಮಾಡಿದ ಕೆಲಸ, ಯಾವುದೂ ಇದಕ್ಕೆ ಕಾರಣ ಅಲ್ಲ.

ಈಗ ಮುಖ್ಯ ವಿಷಯ. ಆಪರೇಷನ್‌ನಲ್ಲಿ ನರಕೋಶ ಇಲ್ಲದ ಭಾಗವನ್ನು ತೆಗೆದು, ಚೆನ್ನಾಗಿರುವ ಕರುಳನ್ನು ಕೆಳಗೆಳೆದು ಜೋಡಿಸಿರುತ್ತಾರೆ. ಇಲ್ಲಿಗೆ ಎಲ್ಲ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಎಂಟರೋಕೊಲೈಟಿಸ್ ಅನ್ನುವ ಕರುಳಿನ ಉರಿಯೂತ ಆಪರೇಷನ್ ಆದ ಮೇಲೂ ಬರಬಹುದು. ಮೊದಲ ಒಂದೆರಡು ವರ್ಷ ಇದರ ಭಯ ಜಾಸ್ತಿ.

ನನ್ನ ಮಗಳಿಗೆ 11 ತಿಂಗಳಿದ್ದಾಗ ಭೇದಿ ಶುರುವಾಯಿತು. ಆ ವಾರ ಮನೆಯಲ್ಲಿ ಇನ್ನಿಬ್ಬರಿಗೂ ಹೊಟ್ಟೆ ಕೆಟ್ಟಿತ್ತು, ಇವಳಿಗೂ ಅದೇ ಅಂದುಕೊಂಡೆ. ಮಲ ಜೋರಾಗಿ ಚಿಮ್ಮುತ್ತಿತ್ತು, ವಾಸನೆ ತಡೆಯಲಾಗದಷ್ಟಿತ್ತು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ರಾತ್ರಿ ಜ್ವರ ಬಂತು, ಹಾಲು ಬೇಡ ಅಂದಳು, ಎತ್ತಿಕೊಂಡರೆ ಬಟ್ಟೆಯ ಹಾಗೆ ಜೋತುಬಿದ್ದಳು. ಬೆಳಗಾಗಲಿ ಅಂತ ಕಾದೆ. ಆ ಒಂದು ರಾತ್ರಿಯನ್ನು ನೆನೆದರೆ ಇವತ್ತಿಗೂ ಎದೆ ನಡುಗುತ್ತದೆ. ಬೆಳಿಗ್ಗೆ ಅಡ್ಮಿಟ್ ಮಾಡಿಕೊಂಡು ರಕ್ತನಾಳಕ್ಕೆ ಆಂಟಿಬಯಾಟಿಕ್ ಹಾಕಿದರು, ಟ್ಯೂಬ್‌ನಿಂದ ಕರುಳು ತೊಳೆದರು. ನಮ್ಮ ಮಕ್ಕಳಲ್ಲಿ ಭೇದಿ ಅಂದರೆ ಒಳಗಿನದೆಲ್ಲ ಖಾಲಿಯಾಗುತ್ತಿದೆ ಅಂತ ಅರ್ಥ ಅಲ್ಲ, ಒಳಗೆ ಸಿಕ್ಕಿಕೊಂಡದ್ದು ಕೊಳೆಯುತ್ತಿದೆ ಅಂತಲೂ ಇರಬಹುದು. ಇದು ನನಗೆ ಅರ್ಥವಾಗಿದ್ದು ಆಗ.

ಆದ್ದರಿಂದ ಹೊಟ್ಟೆ ಉಬ್ಬರದ ಜೊತೆ ಜ್ವರ, ಭೇದಿ, ಹಸಿರು ವಾಂತಿ, ಮಂಕು, ಮಲದಲ್ಲಿ ರಕ್ತ, ಇದರಲ್ಲಿ ಯಾವುದು ಕಂಡರೂ ಹೊತ್ತು ನೋಡಬೇಡಿ, ಹೊರಡಿ. ಭೇದಿ ನಿಲ್ಲಿಸುವ ಔಷಧಿಯನ್ನು ನೀವಾಗಿಯೇ ಕೊಡಬೇಡಿ. ಡಿಸ್ಚಾರ್ಜ್ ಪೇಪರಿನ ಫೋಟೋ ಫೋನಿನಲ್ಲಿರಲಿ. ಯಾವ ಬಗೆಯ ಆಪರೇಷನ್, ಯಾವ ದಿನ, ಎಷ್ಟು ಕರುಳು ತೆಗೆದಿದ್ದಾರೆ ಅನ್ನುವುದು ಅದರಲ್ಲಿರಬೇಕು. ಮಧ್ಯರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರ್ ಇಂಥ ಮಗುವನ್ನು ನೋಡಿಯೇ ಇರಲಿಕ್ಕಿಲ್ಲ, ಅಲ್ವಾ? ನೀವೇ ಕಾಯಿಲೆಯ ಹೆಸರು ಹೇಳಬೇಕಾಗುತ್ತದೆ.

ಮನೆಯಲ್ಲಿ ಕರುಳು ತೊಳೆಯುವುದನ್ನು ಸರ್ಜನ್ ಹೇಳಿಕೊಟ್ಟರೆ ಮಾತ್ರ ಮಾಡಿ. ನಾನು ನರ್ಸ್ ಹತ್ತಿರ 3 ದಿನ ಕಲಿತೆ. ಉಗುರು ಬೆಚ್ಚಗಿನ ನಾರ್ಮಲ್ ಸಲೈನೇ ಆಗಬೇಕು. ಬರೀ ನೀರು ಬಳಸಿದರೆ ಮೈಯೊಳಗಿನ ಉಪ್ಪಿನಂಶ ಏರುಪೇರಾಗಿ ಅಪಾಯ. ಒಳಗೆ ಹೋದಷ್ಟು ಹೊರಗೆ ಬರುತ್ತಿದೆಯಾ ಅಂತ ಅಳೆದು ನೋಡಬೇಕು. ನಿಮ್ಮ ಮಗನ ಹೊಲಿಗೆ ಇನ್ನೂ ಹಸಿ. ಸರ್ಜನ್ ಒಪ್ಪದೆ ಗುದದೊಳಗೆ ಏನನ್ನೂ ಹಾಕಬೇಡಿ, ಥರ್ಮಾಮೀಟರ್ ಕೂಡ ಬೇಡ.

ಈಗ ದಿನಕ್ಕೆ ಹತ್ತಾರು ಸಲ ಕಕ್ಕ ಮಾಡಿ ಅವನ ಕುಂಡಿ ಕೆಂಪಾಗಿ ಕಿತ್ತುಬಂದಿರಬಹುದು. ನಮ್ಮಲ್ಲಿ ರಕ್ತವೇ ಜಿನುಗುತ್ತಿತ್ತು. ಉಜ್ಜಬೇಡಿ. ನೀರಲ್ಲಿ ತೊಳೆದು, ಮೆತ್ತಗೆ ಒತ್ತಿ ಒರೆಸಿ, ಝಿಂಕ್ ಆಕ್ಸೈಡ್ ಕ್ರೀಮ್ ದಪ್ಪಗೆ ಮೆತ್ತಿ. ಮುಂದಿನ ಸಲ ಮೇಲಿನ ಕೊಳೆ ಮಾತ್ರ ತೆಗೆದು, ಅಡಿಯ ಪದರ ಹಾಗೇ ಬಿಟ್ಟು ಮತ್ತೆ ಹಚ್ಚಿ. ಡೈಪರ್ ಬಿಚ್ಚಿ ಗಾಳಿಗೆ ಬಿಡಿ. ತಿಂಗಳುಗಳು ಕಳೆದಂತೆ ಕಕ್ಕದ ಲೆಕ್ಕ ಇಳಿಯುತ್ತದೆ.

ಎಲ್ಲರಂತೆ ಬೆಳೆಯುತ್ತಾನಾ ಅಂತ ಕೇಳಿದಿರಿ. ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಟಾಯ್ಲೆಟ್ ಅಭ್ಯಾಸ ಮಾತ್ರ ತಡವಾಗಬಹುದು. ಊಟ ಆದ ಮೇಲೆ ಕರುಳು ತಾನೇ ಚುರುಕಾಗುತ್ತದೆ, ಆ ಹೊತ್ತಿಗೆ 5–10 ನಿಮಿಷ ಕಾಲಿಗೆ ಆಸರೆ ಕೊಟ್ಟು ಕೂರಿಸುವುದು ನಮಗೆ ಫಲ ಕೊಟ್ಟಿತು. ದೊಡ್ಡವನಾದ ಮೇಲೂ ಚಡ್ಡಿಯಲ್ಲಿ ಆಗುತ್ತಿದ್ದರೆ ದಯವಿಟ್ಟು ಬೈಯಬೇಡಿ. ಮಲ ಗಟ್ಟಿಯಾಗಿ ತುಂಬಿಕೊಂಡು ಸೋರುವುದೂ ಉಂಟು, ಕರುಳು ತೀರಾ ವೇಗವಾಗಿ ಓಡುವುದೂ ಉಂಟು. ಎರಡಕ್ಕೂ ಔಷಧಿ ತದ್ವಿರುದ್ಧ. ಅದಕ್ಕೇ ಪರೀಕ್ಷೆ ಮಾಡಿಸದೆ ಸುಮ್ನೆ ಔಷಧಿ ಕೊಡಬಾರದು. ನನ್ನ ಮಗಳ ಶಾಲೆ ಬ್ಯಾಗಿನಲ್ಲಿ ಇವತ್ತಿಗೂ ಒಂದು ಜೊತೆ ಬಟ್ಟೆ ಇರುತ್ತದೆ. ಟೀಚರ್‌ಗೆ ಗೊತ್ತು, ಕೇಳದೆ ಎದ್ದು ಹೋಗಬಹುದು.

ಮಗು ಆರಾಮಾಗಿರುವ ದಿನವೇ ಅವನ ಹೊಟ್ಟೆ ಮೇಲೆ ಕೈಯಿಟ್ಟು ನೋಡಿ. ಹಾಲು ಕುಡಿದಾಗ ಹೇಗಿರುತ್ತದೆ, ಕಕ್ಕ ಆದ ಮೇಲೆ ಹೇಗಿರುತ್ತದೆ ಅನ್ನುವುದು ಕೈಗೆ ಗೊತ್ತಾಗಲಿ. ಮುಂದಿನ ಚೆಕಪ್‌ನಲ್ಲಿ ಸರ್ಜನ್ ಹತ್ತಿರ ಒಂದು ಮಾತು ಕೇಳಿ ಬರೆದುಕೊಳ್ಳಿ: ರಾತ್ರಿ ಹೊಟ್ಟೆ ಬಿಗಿದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಎಲ್ಲಿಗೆ ಬರಬೇಕು?