ಪರಿಹಾರ ತಗೊಂಡು ಸುಮ್ಮನಾಗಿ ಅನ್ನುವ ಮೊದಲು

ನಿಮ್ಮ ಪತ್ರ ಓದಿದೆ. ನಿಮಗೆ ಗೊತ್ತಿರುವ ಮನೆಯ ಹುಡುಗ ಎರಡು ತಿಂಗಳ ಹಿಂದೆ ಠಾಣೆಯಲ್ಲಿ ತೀರಿಕೊಂಡ. ಅವನ ತಾಯಿ ಈಗ ಕೇಸು, ಕೋರ್ಟು ಅಂತ ಅಲೆಯುತ್ತಿದ್ದಾರೆ. 'ಹೋದವನು ವಾಪಸ್ ಬರಲ್ಲ, ಪರಿಹಾರ ತಗೊಂಡು ಸುಮ್ಮನಾಗಿ ಅಂದೆ, ಮಾತು ಬಿಟ್ಟರು, ನಾನು ಹೇಳಿದ್ದರಲ್ಲಿ ತಪ್ಪೇನು?' ಅಂತ ಕೇಳಿದ್ದೀರಿ. ನೀವು ಒಳ್ಳೆಯದಕ್ಕೇ ಹೇಳಿರಬಹುದು. ಆದರೂ ಆ ತಾಯಿಯ ಸಿಟ್ಟು ನ್ಯಾಯವಾದದ್ದು.

ಬೇರೆ ಕೊಲೆ ಕೇಸಾದರೆ ಪೊಲೀಸರು ಸಾಕ್ಷಿ ಹುಡುಕುತ್ತಾರೆ. ಇಲ್ಲಿ ಸಾಕ್ಷಿಯೆಲ್ಲ ಅವರ ಕೈಯಲ್ಲೇ ಇರುತ್ತದೆ. ಸ್ಟೇಷನ್ ಡೈರಿ ಬರೆಯುವವರು ಅವರು, ಕ್ಯಾಮೆರಾ ಅವರದು, ಕಣ್ಣಾರೆ ಕಂಡವರೂ ಅವರ ಜೊತೆಗೇ ಕೆಲಸ ಮಾಡುವವರು. ಎದೆನೋವು ಬಂತು, ನೇಣು ಹಾಕಿಕೊಂಡ, ಓಡಿಹೋಗುವಾಗ ಬಿದ್ದ ಅಂತ ಬರೆದುಕೊಂಡರೆ, ಮನೆಯವರು ಬೆನ್ನು ಹತ್ತದಿದ್ದಾಗ ಫೈಲಿನಲ್ಲಿ ಉಳಿಯುವುದು ಅದೇ ಅಲ್ವಾ?

ಒಡಿಶಾದ ನೀಲಾಬತಿ ಬೆಹೆರಾ ಅವರ ಕೇಸು ನೋಡಿ. 1987ರ ಡಿಸೆಂಬರ್‌ನಲ್ಲಿ ಅವರ 22 ವರ್ಷದ ಮಗನನ್ನು ಪೊಲೀಸರು ಹಿಡಿದೊಯ್ದರು. ಮರುದಿನ ಶವ ರೈಲು ಹಳಿಯ ಮೇಲೆ ಸಿಕ್ಕಿತು. ತಪ್ಪಿಸಿಕೊಂಡು ಹೋಗಿ ರೈಲಿಗೆ ಸಿಕ್ಕಿದ ಅಂದರು. ತಾಯಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು, ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡಿತು, 1993ರಲ್ಲಿ ಪೊಲೀಸರ ಮಾತು ನಂಬದೆ 1.5 ಲಕ್ಷ ರೂಪಾಯಿ ಕೊಡಿಸಿತು. ಕಸ್ಟಡಿ ಸಾವಿಗೆ ಸರ್ಕಾರ ಪರಿಹಾರ ಕೊಡಲೇಬೇಕು ಅನ್ನುವುದು ಗಟ್ಟಿಯಾದದ್ದು ಇಂಥ ತಾಯಂದಿರು ಸುಮ್ಮನಿರದ ಕಾರಣಕ್ಕೆ. ಕಾರಣರಾದವರ ಮೇಲೆ ಕ್ರಮ ಆಗಬೇಕು ಅಂತಲೂ ಅದೇ ತೀರ್ಪು ಹೇಳಿತು. ದುಡ್ಡು ತಗೊಂಡರೆ ಕೇಸು ಮುಗಿಯುವುದಿಲ್ಲ. ಇದನ್ನು ಆ ತಾಯಿಗೆ ದಯವಿಟ್ಟು ಹೇಳಿ, ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ.

ಹುಡುಗನ ಮೇಲೆ ಕಳ್ಳತನದ ಕೇಸು ಇತ್ತು ಅಂತಲೂ ಬರೆದಿದ್ದೀರಿ. ಇರಲಿ. ಅದಕ್ಕೆ ಶಿಕ್ಷೆ ಕೊಡಬೇಕಾದದ್ದು ಕೋರ್ಟು.

ಈಗ ಆಗಬೇಕಾದ ಕೆಲಸ ಹೇಳುತ್ತೇನೆ. ಕಸ್ಟಡಿಯಲ್ಲಿ ಸಾವಾದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾಯ್ದೆಯ 196ನೇ ಕಲಂ ತೋರಿಸಿ ಕೇಳಬಹುದು. ವಿಚಾರಣೆಗೆ ಮನೆಯವರೂ ಹಾಜರಿರಬಹುದು. ಪೋಸ್ಟ್‌ಮಾರ್ಟಂ ವರದಿ, ಅದರ ವಿಡಿಯೊ ಎರಡನ್ನೂ ಕೇಳಿ. ಎಲ್ಲಕ್ಕಿಂತ ಮೊದಲು ಠಾಣೆಯ ಸಿಸಿಟಿವಿ ದೃಶ್ಯ ಉಳಿಸಿಡಿ ಅಂತ ಬರವಣಿಗೆಯಲ್ಲಿ ಅರ್ಜಿ ಕೊಡಿಸಿ. ಅದನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಇಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೇಳಿದ ಮಾತ್ರಕ್ಕೆ ಇಡುತ್ತಾರೆ ಅಂತ ನಂಬಿ ಕೂರಬೇಡಿ. ಅದೇ ವರ್ಷ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಅಪ್ಪ, ಮಗ ಇಬ್ಬರೂ ಸತ್ತಾಗ, ಠಾಣೆಯ ದೃಶ್ಯಗಳು ದಿನದಿನವೂ ತಾವೇ ಅಳಿಸಿಹೋಗುವ ಹಾಗೆ ಇಟ್ಟಿದ್ದರು ಅಂತ ಮ್ಯಾಜಿಸ್ಟ್ರೇಟ್ ವರದಿ ಕೊಟ್ಟರು. ಅಲ್ಲಿ ನಿಜ ಹೊರಬರಲು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಧೈರ್ಯ ಮಾಡಿ ಬಾಯಿಬಿಡಬೇಕಾಯಿತು.

ಜೊತೆಗೆ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಬರೆಯಿರಿ. ಘಟನೆಯಾದ ಒಂದು ವರ್ಷದೊಳಗೆ ಕೊಡಬೇಕು. ಫೀಸು ಇಲ್ಲ, ವಕೀಲರೂ ಬೇಕಾಗಿಲ್ಲ. ಆ ತಾಯಿಗೆ ಬರೆಯಲು ಕಷ್ಟವಾದರೆ ನೀವೇ ಕೂತು ಬರೆದುಕೊಡಿ.