ಸಂಪಾದಕರ ಉತ್ತರ: ಗಾಜಿನೊಳಗೆ ಸಿನಿಮಾ ಪೋಸ್ಟರ್

ಬಸವನಗುಡಿಯ ಹಿರಿಯ ಓದುಗರಿಗೆ ನಮಸ್ಕಾರ.

ಮೊಮ್ಮಗಳ ಜೊತೆ ಮ್ಯೂಸಿಯಂಗೆ ಹೋಗಿ ಬೇಜಾರು ಮಾಡಿಕೊಂಡು ಬಂದಿದ್ದೀರಿ. ‘ಮೈದಾ ಅಂಟು ಬಳಿದು ಗೋಡೆಗೆ ಹಚ್ಚುತ್ತಿದ್ದ ಸಿನಿಮಾ ಪೋಸ್ಟರಿಗೆ ಗಾಜು, ಮಬ್ಬು ದೀಪ, ಪಕ್ಕದಲ್ಲೊಬ್ಬ ಕಾವಲುಗಾರ! ಇದೇನು ಹೊಯ್ಸಳರ ಶಿಲ್ಪವೇ?’ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟಿನಲ್ಲಿ ಅರ್ಧ ನನ್ನದೂ ಹೌದು.

ಒಪ್ಪದ ಅರ್ಧ ಮೊದಲು ಹೇಳಿಬಿಡುತ್ತೇನೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಆತಕೂರು ಶಾಸನ ಗೊತ್ತಲ್ವಾ? ಸುಮಾರು 950ರ ಕಲ್ಲು. ಚೋಳರ ಜೊತೆ ನಡೆದ ಯುದ್ಧದ ಸಂಗತಿ ಅದರಲ್ಲಿದೆ, ಸರಿ. ಆದರೆ ಚಿತ್ರ ಕೆತ್ತಿರುವುದು ನಾಯಿ ಮತ್ತು ಕಾಡುಹಂದಿಯದು! ಕಾಳಿ ಎಂಬ ಬೇಟೆನಾಯಿ ಹಂದಿಯ ಜೊತೆ ಕಾದಾಡಿ ಸತ್ತಿತು ಅಂತ ಕಲ್ಲು ನೆಟ್ಟರು. ಊರಿನವರು ಬಾಯಿತುಂಬ ಹೇಳಿಕೊಳ್ಳುವಂಥ ಕಥೆ ಅದು. ಈಗ ಅದನ್ನು ಇತಿಹಾಸ ಅನ್ನುತ್ತೇವೆ.

ಕಲ್ಲು ತಾನಾಗಿ ಉಳಿಯಿತು. ಪೋಸ್ಟರ್ ಉಳಿಯುವುದಿಲ್ಲ. ಎರಡು ಶುಕ್ರವಾರ ಬಾಳಿದರೆ ಸಾಕು ಅಂತಲೇ ಮಾಡಿದ ಅಗ್ಗದ ಕಾಗದ ಅದು. ಬೆಳಕು ಬಿದ್ದಷ್ಟೂ ಹಳದಿಯಾಗಿ ಪುಡಿಯಾಗುತ್ತದೆ. ಅದಕ್ಕೇ ಮ್ಯೂಸಿಯಂನವರು ಕಾಗದದ ಮೇಲಿನ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ದಾಟಲು ಬಿಡುವುದಿಲ್ಲ. ಆ ಮಬ್ಬು ದೀಪ ಭಕ್ತಿಗಲ್ಲ, ಕಾಗದ ಉಳಿಯಲಿ ಅಂತ. ಉಳಿಸದಿದ್ದರೆ ಏನಾಗುತ್ತದೆ ನೋಡಿ. 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ಟಾಕಿ. ಅದರ ಒಂದು ಪ್ರಿಂಟೂ ನಮ್ಮ ಕೈಯಲ್ಲಿ ಉಳಿದಿಲ್ಲ.

ಇನ್ನು ಒಪ್ಪುವ ಅರ್ಧ. ಪೋಸ್ಟರ್ ಅಂದರೆ ಬರೀ ಕಾಗದವೇ? ಕೆಂಪೇಗೌಡ ರಸ್ತೆಯ ಥಿಯೇಟರ್ ಮುಂದೆ ಕಟೌಟಿಗೆ ಹಾರ, ಹಾಲಿನ ಅಭಿಷೇಕ, ಬ್ಲ್ಯಾಕ್ ಟಿಕೆಟ್ಟಿನವನ ಪಿಸುಮಾತು, ಒಳಗೆ ಪರದೆಯತ್ತ ತೂರುವ ಚಿಲ್ಲರೆ, ಕಿವಿ ಹರಿಯುವ ಶಿಳ್ಳೆ. ‘ಗಲಾಟೆ ಮಾಡಬಾರದು’ ಅಂತ ಬೋರ್ಡ್ ಹಾಕಿರುವ ಕೋಣೆಯಲ್ಲಿ ಇದನ್ನೆಲ್ಲ ತೋರಿಸುವುದು ಹೇಗೆ? ಹಾಡಾದರೂ ಹಾಕೋಣ ಅಂದರೆ ಕಾಪಿರೈಟ್ ಅಡ್ಡ ಬರುತ್ತದೆ. ಸಿನಿಮಾಕ್ಕೂ ಧ್ವನಿಮುದ್ರಣಕ್ಕೂ ನಮ್ಮಲ್ಲಿ ಅದು 60 ವರ್ಷ. ಸುಮ್ನೆ ಪ್ಲೈವುಡ್ಡಿನ ಟಿಕೆಟ್ ಕೌಂಟರ್ ಮಾಡಿ ಗೊಂಬೆ ಕೂರಿಸುವುದಂತೂ ನನಗೆ ಸೇರುವುದೇ ಇಲ್ಲ. ಕ್ಯೂನಲ್ಲಿ ನಿಂತು ಅಂಗಿ ಹರಿದುಕೊಂಡವರಿಗೆ ಅದನ್ನು ನೋಡಿದರೆ ನಗು ಬರುತ್ತದೆ.

ನನಗೆ ಜಾಸ್ತಿ ಚುಚ್ಚಿದ್ದು ಪೋಸ್ಟರಿನ ಪಕ್ಕ ಮ್ಯೂಸಿಯಂನವರು ಹಾಕಿದ್ದ, ನೀವು ಬರೆದುಕೊಂಡು ಬಂದ ಆ ವಿವರದ ಚೀಟಿ: ‘ಕಾಗದದ ಮೇಲೆ ಆಫ್‌ಸೆಟ್ ಮುದ್ರಣ’, ಕೆಳಗೆ ಅಳತೆ. ಅಷ್ಟೇ! ರಾತ್ರಿ ಏಣಿ, ಬಕೆಟ್ ಹೊತ್ತು ಸೈಕಲ್ಲಿನಲ್ಲಿ ಹೊರಟು ಪೋಸ್ಟರ್ ಹಚ್ಚುತ್ತಿದ್ದವರು, ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಅವರ ಮಾತು ರೆಕಾರ್ಡ್ ಮಾಡಿ ಪೋಸ್ಟರಿನ ಪಕ್ಕ ಇಟ್ಟಿದ್ದರೆ ನಿಮ್ಮ ಮೊಮ್ಮಗಳು ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದಳು.

ಅಂದ ಹಾಗೆ, ಟ್ರಂಕಿನಲ್ಲಿರುವ ಸಿನಿಮಾ ಹಾಡಿನ ಪುಸ್ತಕಗಳನ್ನು ರದ್ದಿಗೆ ಹಾಕುತ್ತೇನೆ ಅಂದಿದ್ದೀರಿ. ದಯವಿಟ್ಟು ಬೇಡ. ಒಂದೊಂದರ ಹಿಂದೆಯೂ ಯಾವ ಥಿಯೇಟರ್, ಯಾರ ಜೊತೆ ಹೋಗಿದ್ದಿರಿ ಅಂತ ಪೆನ್ಸಿಲ್ಲಿನಲ್ಲಿ ಬರೆದಿಡಿ. ಹರಿದಿದ್ದರೆ ಹರಿದೇ ಇರಲಿ, ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ.

– ಸಂಪಾದಕ